ಕೊಡತಿಗೆ ಮೆದುವಾದ ಬಾಳೆನಾರು

ಮಸಾಕಾ ಪಟ್ಟಣದ ಆಚೆ ನಮ್ಮೂರಲ್ಲಿ ಶಾಲೆಯ ಮಕ್ಕಳಿಗೆ ಅಂಗಿ ಲಂಗ ಹೊಲಿಯುವವಳು ನಸ್ಸೂನಾ. ಹನ್ನೆರಡನೇ ವಯಸ್ಸಿಗೆ ಲಂಗದ ಮೇಲೆ ಕಲೆ ಕಂಡು ಮನೆಗೆ ಓಡಿಬಂದವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಈಗಿನ ಹುಡುಗಿಯರೂ ಮುಟ್ಟಾದಾಗ ಶಾಲೆ ತಪ್ಪಿಸುವುದನ್ನು ಕಂಡರೆ ಅವಳ ಕರುಳು ಉರಿಯುತ್ತಿತ್ತು. ಅಂಗಡಿಯ ಪ್ಯಾಡು ಹಂಚಿ ನೋಡಿದ್ದೂ ಆಯಿತು. ಅವು ಕೊಳೆಯದೆ ಉಬ್ಬಿ ಕೂತು ಶಾಲೆಯ ಪಾಯಿಖಾನೆ ಗುಂಡಿಯೇ ಕಟ್ಟಿಕೊಂಡಿತು.

"ಮಣ್ಣಲ್ಲಿ ಮಣ್ಣಾಗೋ ಅಂಥದ್ದು ಮಾಡ್ಕೊಂಡು ಬಾ. ಶುಕ್ರವಾರ ನಾನೇ ಪರೀಕ್ಷೆ ಮಾಡ್ತೀನಿ. ಸೋರಿತೋ, ಈ ಮಾತು ಇಲ್ಲಿಗೇ ಬಿಡು" ಅಂದಳು ಹೆಡ್‌ಮಿಸ್ಟ್ರೆಸ್ ನಬುಕೆನ್ಯಾ.

ಗೊನೆ ಕಡಿದ ಬಾಳೆಗೆ ನಮ್ಮಲ್ಲಿ ಬರವೇ? ಆ ಮಾತಿಗೂ ಮೊದಲೇ, ಮೂರು ತಿಂಗಳಿಂದ ಪ್ಯಾಡಿಗೆಂದು ನಸ್ಸೂನಾ ಪಟ್ಟೆ ಸುಲಿದು, ನಾರು ಬೇಯಿಸಿ, ಕಡಲೆಕಾಯಿ ಕುಟ್ಟುವ ಒರಳಲ್ಲಿ ಕುಟ್ಟುತ್ತಲೇ ಇದ್ದಳು. ನಾರು ತುಂಡಾಯಿತೇ ಹೊರತು ಮೆತ್ತಗಾಗಲಿಲ್ಲ. ನೀರು ಹೊಯ್ದರೆ ಕೆಸುವಿನೆಲೆಯ ಮೇಲಿಂದ ಜಾರಿದಂತೆ ಜಾರಿತು.

ಗುರುವಾರ ಬೆಳಗ್ಗೆ ಕೈಚೆಲ್ಲಿ ಕೂತವಳ ಕಿವಿಗೆ ಬಿತ್ತು: ಟೊಕ್, ಟೊಕ್, ಟೊಕ್! ಮುದುಕ ಲುಬ್ವಾಮಾ ಮರದ ತೊಗಟೆ ಬಡಿದು ಬಟ್ಟೆ ಮಾಡುತ್ತಿದ್ದ. ಹಲಗೆಯಂಥ ತೊಗಟೆ ಅವನ ಗೀರುಗೀರಿನ ಕೊಡತಿಗೆ ಸಿಕ್ಕಿ ರೇಷ್ಮೆಯಾಗುತ್ತಿತ್ತು. ನಸ್ಸೂನಾ ಎದ್ದವಳೇ ನಾರು ಬಾಚಿಕೊಂಡು ಓಡಿದಳು.

"ನಿಲ್ಲೇ! ಹೆಂಗಸರು ಈ ಚಪ್ಪರದೊಳಗೆ ಕಾಲಿಡೋ ಹಾಗಿಲ್ಲ!"

"ನಾನೆಲ್ಲಿ ಬಂದೆ ತಾತ? ನಾರು ಬಂತು" ಎಂದು ಹೊರಗಿನಿಂದಲೇ ಕಂತೆ ಎಸೆದಳು.

ಯಾತಕ್ಕೆಂದು ಕೇಳಿ ಮುದುಕ ಕೆಂಡವಾದ. "ರಾಜರ ಬಟ್ಟೆ ಬಡಿದ ಕೊಡತಿ ಇದು!"

"ಆ ರಾಜರನ್ನ ಹೆತ್ತೋಳೂ ತಿಂಗಳು ತಿಂಗಳು ಮುಟ್ಟಾಗ್ತಿದ್ಲು, ತಾತ."

ಮುದುಕ ಕಂತೆಯನ್ನು ದಿಮ್ಮಿಯ ಮೇಲೆ ಹರಡಿದ. ಗೊಣಗುತ್ತಲೇ ಮೊದಲು ದಪ್ಪ ಗೀರಿನ ಕೊಡತಿ, ಆಮೇಲೆ ಸಣ್ಣ ಗೀರಿನದು ಎತ್ತಿದ. ಮಧ್ಯಾಹ್ನಕ್ಕೆ ನಾರು ಬೂರುಗದ ಅರಳೆಯಂತೆ ಅರಳಿತು! ನಸ್ಸೂನಾ ಅಲ್ಲೇ ನೀರು ಚಿಮುಕಿಸಿದಳು. ಗುಟುಕ್ಕನೆ ಕುಡಿಯಿತು! ಅವಳು ಕೇಕೆ ಹಾಕಿ ಕುಣಿದದ್ದಕ್ಕೆ ಅಂಗಳದ ಕೋಳಿಗಳೆಲ್ಲ ಚದುರಿದವು.

ಶುಕ್ರವಾರ ಹೆಡ್‌ಮಿಸ್ಟ್ರೆಸ್ ಬಂದದ್ದು ಬಿಳಿ ರೇಷ್ಮೆಯ ಗೋಮೆಸಿ ನಿಲುವಂಗಿ ತೊಟ್ಟು. ನಸ್ಸೂನಾ ರಾತ್ರಿ ಕೂತು ಹೊಲಿದ ಪ್ಯಾಡಿನ ಮೇಲೆ ಕಾಲು ಲೋಟ ಕೆಂಪು ದಾಸವಾಳದ ನೀರು ಹೊಯ್ದು, ಅದರ ಮೇಲೇ ಕೂತು ಒಂದು ಪೂರ್ತಿ ಪಾಠ ಮಾಡಿದಳು. ನಾವೆಲ್ಲ ಕಿಟಕಿಗೆ ಜೋತುಬಿದ್ದಿದ್ದೆವು. ಗಂಟೆ ಹೊಡೆಯಿತು. ಎದ್ದು ಬೆನ್ನು ತಿರುಗಿಸಿದಳು. ಹಾಲಿನಂಥ ಬಿಳುಪು! ಹುಡುಗಿಯರ ಕಿರುಚಾಟಕ್ಕೆ ತಗಡಿನ ಸೂರು ನಡುಗಿತು.

"ಇದು ಮಣ್ಣಾಗತ್ತಾ?"

ನಸ್ಸೂನಾ ತಾನು ತಂದಿದ್ದ ಬಟ್ಟಲು ಮುಂದೆ ಹಿಡಿದಳು. "ಮೊದಲು ಮಾಡಿ ಕೆಡಿಸಿದ್ದನ್ನ ಬಾಳೆ ಬುಡದಲ್ಲಿ ಹೂತಿದ್ದೆ. ಉಳಿದದ್ದು ಇಷ್ಟೇ ನೋಡಿ." ಒಳಗಿದ್ದದ್ದು ಕರಿಮಣ್ಣು, ಎರಡು ಎರೆಹುಳು.

"ಸೋಮವಾರದಿಂದ ಹಂಚೋಣ" ಅಂದಳು ಹೆಡ್‌ಮಿಸ್ಟ್ರೆಸ್.

"ಅದು ಸಣ್ಣ ಗೀರಿನ ಕೊಡತಿ ಕೆಲಸ ಅಂತ ಹೇಳೇ ಅವರಿಗೆ!" ಕಿಟಕಿಯಾಚೆಯಿಂದ ಲುಬ್ವಾಮಾ ಕೂಗಿದ.

ಮರುದಿನ ಬೆಳಗ್ಗೆ ನಸ್ಸೂನಾ ಮುದುಕನ ಚಪ್ಪರದ ಹೊರಗೆ ನಿಂತು ಕಂತೆ ಎಸೆಯಲು ಕೈ ಎತ್ತಿದಳು.

"ಎಸೀಬೇಡ ಕಣೇ, ಧೂಳಾಗತ್ತೆ" ಎಂದ ಮುದುಕ, ಪಕ್ಕಕ್ಕೆ ಸರಿದು ಜಾಗ ಮಾಡುತ್ತ. "ಒಳಗೆ ತಂದಿಡು."