ಬೇಟೆಗಾರರ ಜಾಮೀನುದಾರ

ನಾನು ಬಂದೂಕು ಹಿಡಿದವನಲ್ಲ. ಮೊಟ್ಟೆಯನ್ನೂ ತಿಂದವನಲ್ಲ. ಜಿರಲೆ ಕಂಡರೆ ಪೊರಕೆಯನ್ನು ಹೆಂಡತಿಯ ಕೈಗೆ ಕೊಟ್ಟು ಪಕ್ಕದ ಕೋಣೆಗೆ ಹೋಗುವವರ ಪೈಕಿ. ಆದರೂ ಜಪಾನಿನ ಒಕಾಜಾಕಿಯಲ್ಲಿದ್ದಾಗ ಎರಡು ಚಳಿಗಾಲ ಒಂದು ಹಕ್ಕಿಬೇಟೆ ನನ್ನ ದೆಸೆಯಿಂದ ನಡೆಯಿತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚವಿಲ್ಲ ಎಂದರೆ ಸಾಲದು, ಹೆಮ್ಮೆಯೇ ಇದೆ. ನನ್ನ ಪಿಎಚ್.ಡಿ. ಪ್ರಬಂಧವನ್ನು ಪರೀಕ್ಷಕರನ್ನು ಬಿಟ್ಟರೆ ಬೇರೆ ಯಾರೂ ಓದಿಲ್ಲ. ಪರೀಕ್ಷಕರ ಮೇಲೂ ನನಗೆ ಅನುಮಾನವಿದೆ. ಈ ಕೆಲಸಕ್ಕಾದರೆ ಸಾಕ್ಷಿಗಳಿದ್ದಾರೆ.

ಒಂದು ಎಚ್ಚರಿಕೆ ಕೊಟ್ಟುಬಿಡುತ್ತೇನೆ. ಈ ಕಥೆಯನ್ನು ಎಷ್ಟು ಊಟದ ಮನೆಗಳಲ್ಲಿ ಹೇಳಿದ್ದೇನೆಂದರೆ, ಹೇಳುತ್ತ ಹೇಳುತ್ತ ಅದಕ್ಕೆ ನುಣುಪು ಬಂದುಬಿಟ್ಟಿದೆ. ಕೆಲವು ಸಲ ಕಥೆ ನಡೆದ ಬೆಳಿಗ್ಗೆ ಹಿಮ ಬಿದ್ದಿರುತ್ತದೆ, ಕೆಲವು ಸಲ ಬರೀ ಇಬ್ಬನಿ. ಡೈರಿ ತೆಗೆದು ನೋಡಿದರೆ "ವಿಪರೀತ ಚಳಿ, ಕಾಲುಚೀಲ ತೂತು" ಎಂದಿದೆ. ಬರೆಯುವ ಹೊತ್ತಿಗೆ ನನಗೆ ಮುಖ್ಯವಾಗಿದ್ದುದು ಕಾಲುಚೀಲ. ಹಾಗಾಗಿ ಹವಾಮಾನದ ವಿಷಯದಲ್ಲಿ ನನ್ನನ್ನು ನಂಬಬೇಡಿ. ಮಿಕ್ಕಿದ್ದನ್ನು ನಂಬಬಹುದು ಎಂದುಕೊಂಡಿದ್ದೇನೆ.

ಎರಡು ಸಾವಿರನೇ ಇಸವಿ ಬರುವುದಕ್ಕೆ ಮುಂಚಿನ ಶರತ್ಕಾಲ. ಒಕಾಜಾಕಿಯ ಒಂದು ಸಂಶೋಧನಾಲಯದಲ್ಲಿ ನಾನು ಮೀನಿನ ಕಣ್ಣುಗಳ ಬಗ್ಗೆ ಕೆಲಸ ಮಾಡುತ್ತಿದ್ದೆ. ಅಲ್ಲಿ ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದವರು ಕಾತೋ-ಸಾನ್, ನಮ್ಮ ಮಾತಿನಲ್ಲಿ ಕಾತೋ ಅವರು. ನಿವೃತ್ತಿಗೆ ಹತ್ತಿರವಾಗಿದ್ದ, ಮಾತು ಕಡಿಮೆಯ ಮನುಷ್ಯ. ಮಾತು ಹೆಚ್ಚಾಗುತ್ತಿದ್ದುದು ಎರಡೇ ವಿಷಯಕ್ಕೆ: ಕಿಜಿ ಹಕ್ಕಿ ಮತ್ತು ಹಾನಾ. ಕಿಜಿ ಎಂದರೆ ನಮ್ಮ ಕಾಡುಕೋಳಿಯ ಸಿರಿವಂತ ನೆಂಟ. ಹಸಿರು ಎದೆ, ಕೆಂಪು ಮುಖ, ಉದ್ದ ಬಾಲ. ಗಂಡನ್ನು ಹೊಡೆಯಬಹುದು, ಹೆಣ್ಣನ್ನು ಮುಟ್ಟುವಂತಿಲ್ಲ. ಹಾನಾ ಅವರ ನಾಯಿ. ಬಿಳಿ ಮೈಯ ಮೇಲೆ ಕಪ್ಪು ಚುಕ್ಕೆಗಳ, ವಯಸ್ಸಾದ, ಸೆಟರ್ ಜಾತಿಯ ಬೇಟೆನಾಯಿ.

ನವೆಂಬರ್ ಮಧ್ಯದಲ್ಲಿ ಬೇಟೆಯ ಕಾಲ ತೆರೆಯುತ್ತದೆ. ಮೊದಲ ದಿನ ನೋಡಲು ಬನ್ನಿ ಎಂದು ಕಾತೋ-ಸಾನ್ ಕರೆದರು. ಮನೆಯಲ್ಲಿ ಹೆಂಡತಿಗೆ ಹೇಳಿದೆ.

"ಏನ್ರೀ, ಈರುಳ್ಳಿ ಹೆಚ್ಚಿದ್ರೇ ಕಣ್ಣೀರು ಹಾಕ್ತೀರ, ನೀವು ಶಿಕಾರಿಗಾ?" ಎಂದಳು ಸುಮಾ. "ಹೋಗಿ ಹೋಗಿ. ಆದ್ರೆ ಸತ್ತಿದ್ದು ಯಾವ್ದೂ ಈ ಮನೆ ಒಳಗೆ ಬರಕೂಡದು. ಫೋಟೋನೂ ಬೇಡ."

ನಸುಕಿನಲ್ಲಿ ನದೀದಂಡೆಗೆ ಹೋದೆವು. ಅದು ಸಾರ್ವಜನಿಕ ಜಾಗ, ಪರವಾನಗಿ ಇದ್ದವರೆಲ್ಲ ಬೇಟೆಯಾಡಬಹುದು. ಪರವಾನಗಿ ಇದ್ದವರೆಲ್ಲ ಬಂದೂ ಇದ್ದರು. ಕಾರು ನಿಲ್ಲಿಸಲು ಜಾಗವಿಲ್ಲ. ಕಿತ್ತಳೆ ಬಣ್ಣದ ಟೋಪಿಗಳು ಜೊಂಡಿನ ಮಧ್ಯೆ ಚೆಂಡುಹೂವಿನ ತೋಟದ ಹಾಗೆ ಅರಳಿದ್ದವು. ಬೇಟೆನಾಯಿಯ ಕೊರಳಲ್ಲಿ ಗಂಟೆ ಕಟ್ಟಿರುತ್ತಾರೆ. ನಾಯಿ ಪೊದೆಯಲ್ಲಿ ಓಡಾಡುವಷ್ಟು ಹೊತ್ತು ಗಂಟೆ ಕೇಳುತ್ತದೆ. ಹಕ್ಕಿಯ ವಾಸನೆ ಹತ್ತಿ ನಾಯಿ ಕಲ್ಲಾದರೆ ಗಂಟೆ ನಿಲ್ಲುತ್ತದೆ. ಆ ನಿಶ್ಶಬ್ದವೇ ಸುದ್ದಿ. ಆದರೆ ಅಲ್ಲಿ ಅಷ್ಟೊಂದು ಗಂಟೆ, ಅಷ್ಟೊಂದು ಸೀಟಿ. ಯಾರ ಗಂಟೆ ನಿಂತಿತು ಎಂದು ಯಾವ ದೇವರಿಗೆ ಗೊತ್ತಾಗಬೇಕು? ಕಿಜಿಗಳು ಮಾತ್ರ ಬುದ್ಧಿವಂತರು. ಆಚೆ ದಡದಲ್ಲಿ "ಇಲ್ಲಿ ಬೇಟೆ ನಿಷೇಧ" ಎಂಬ ಕೆಂಪು ಫಲಕದ ಹಿಂದೆ ಓದು ಬರಹ ಬಲ್ಲವರ ಹಾಗೆ ನಿಂತಿದ್ದವು.

ಹಾನಾ ಸ್ವಲ್ಪ ಹೊತ್ತು ಓಡಿ, ಯಾರದೋ ಎಳೆನಾಯಿಯ ಡಿಕ್ಕಿ ತಿಂದು, ವಾಪಸು ಬಂದು ಕಾತೋ-ಸಾನ್ ಅವರ ಬೂಟಿನ ಮೇಲೆ ಕೂತುಬಿಟ್ಟಳು.

"ಈ ಸಂತೇಲಿ ಇವಳಿಗೆ ಏನೂ ಕೇಳಲ್ಲ, ಏನೂ ಮೂಸೋಕ್ಕಾಗಲ್ಲ," ಎಂದರು ಅವರು. "ಇವಳಿಗೆ ಇನ್ನೊಂದೋ ಎರಡೋ ಚಳಿಗಾಲ, ಮೂರ್ತಿ-ಸಾನ್. ಒಂದು ಗದ್ದಲ ಇಲ್ಲದ ಗುಡ್ಡ ಸಿಕ್ಕಿದ್ರೆ..."

ಅಂಥ ಗುಡ್ಡ ಇತ್ತು. ಊರಾಚೆ ಸುಗಿಯಾಮಾ-ಸಾನ್ ಎಂಬಾಕೆಯ, ಟೊಮೆಟೊದಂತೆ ಕಾಣುವ ಕಾಕಿ ಎಂಬ ಸಿಹಿಹಣ್ಣಿನ ತೋಟ, ಅದರ ಮೇಲೆ ಪಾಳು ಬಿದ್ದ ಮೆಟ್ಟಿಲುಗದ್ದೆಗಳು, ಅಲ್ಲಿ ತಲೆಮಾರುಗಳಿಂದ ಸಂಸಾರ ಹೂಡಿದ್ದ ಕಿಜಿಗಳು. ಹಿಂದೊಮ್ಮೆ ಯಾರೋ ಹಾರಿಸಿದ ಚರೆಗುಂಡು ಮನೆಯ ಹೆಂಚಿನ ಮೇಲೆ ಆಲಿಕಲ್ಲಿನಂತೆ ಸುರಿದಿತ್ತು. ಅಂದಿನಿಂದ ಯಾವ ಬೇಟೆಗಾರನಿಗೂ ಆಕೆ ದಾರಿ ಬಿಟ್ಟಿರಲಿಲ್ಲ. ಕಾತೋ-ಸಾನ್ ವರ್ಷವರ್ಷವೂ ಸಿಹಿಯ ಡಬ್ಬ ಹಿಡಿದು ಹೋಗುವರು, ಹೊಸ್ತಿಲ ಬಳಿ ಬಗ್ಗುವರು, ಆಕೆಯೂ ಬಗ್ಗುವರು, ಡಬ್ಬ ಒಳಗೆ ಹೋಗುವುದು, ಇವರು ಹೊರಗೆ ಬರುವರು.

ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಬೇಟೆಯ ವರ್ಣನೆಗೆ ಬರವಿಲ್ಲ. ಬಲೆ ಹೊತ್ತವರು, ನಾಯಿ ಹಿಡಿದವರು, ಕೊಂಬು ಊದುವವರು, ಎಲ್ಲರೂ ಬರುತ್ತಾರೆ. ಆದರೆ "ಅಮ್ಮಾ, ನಿಮ್ಮ ಹೊಲದಲ್ಲಿ ಕಾಲಿಡಲೇ?" ಎಂದು ಬಾಗಿಲು ತಟ್ಟುವ ಅರಸನನ್ನು ನಾನಂತೂ ಓದಿದ ನೆನಪಿಲ್ಲ. ಅರಸನಿಗೆ ಆ ಕಷ್ಟ ಇರಲಿಲ್ಲ. ಕೇಳುವ ಕಷ್ಟವೇನಿದ್ದರೂ ನಮ್ಮಂಥವರಿಗೆ. ಬಾಡಿಗೆ ಮನೆ ಕೇಳಿ, ಸೀಟು ಕೇಳಿ, ಫೆಲೋಶಿಪ್ ಕೇಳಿ, ವೀಸಾ ಕೇಳಿ, ನನಗೆ ಅಷ್ಟು ಹೊತ್ತಿಗೆ ಕೇಳುವುದರಲ್ಲಿ ಒಳ್ಳೆಯ ಅಭ್ಯಾಸವಾಗಿತ್ತು. "ನಾನೊಂದು ಸಲ ಕೇಳಲಾ?" ಎಂದೆ. ಕಾತೋ-ಸಾನ್ ನಗಲಿಲ್ಲ. ಆ ಸೌಜನ್ಯಕ್ಕೆ ನಾನು ಇವತ್ತಿಗೂ ಋಣಿ.

ಮುಂದಿನ ಭಾನುವಾರ ಒಬ್ಬನೇ ಹೋದೆ. ಸುಗಿಯಾಮಾ-ಸಾನ್ ಅರುವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಸೊಂಟಕ್ಕೆ ಏಪ್ರನ್, ಕೈಯಲ್ಲಿ ಹಣ್ಣು ಕೀಳುವ ಕತ್ತರಿ. ನಾನು ಬಗ್ಗಿದೆ, ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒಳಗೆ ಬಂದು ಟೀ ಕುಡಿಯಬಹುದಲ್ಲ" ಎಂದರು. ಸಭ್ಯರಾದವರು ಇದಕ್ಕೆ "ಅಯ್ಯೋ, ಬೇಡ, ಹೊರಡುತ್ತೇನೆ" ಎನ್ನಬೇಕು. ಅದು ಕರೆಯಲ್ಲ, ಬೀಳ್ಕೊಡುಗೆ. ಅದು ನನಗೆ ತಿಳಿದದ್ದು ಆಮೇಲೆ. ಮನೆಗೆ ಬಂದವನು ಕಾಫಿ ಬೇಡ ಎಂದರೆ ಮನೆಯಾಕೆ ಮುನಿಸಿಕೊಳ್ಳುವ ಊರಿನವನು ನಾನು. ಶೂ ಬಿಚ್ಚಿ, ತೂತಾದ ಕಾಲುಚೀಲ ಸಮೇತ ಒಳಗೆ ಹೋಗಿ ಕೂತೆ.

ಆಕೆ ಬೆರಗಾಗಿದ್ದಿರಬೇಕು. ಟೀ ಬಂತು. ಎರಡನೆಯದೂ ಬಂತು. ಅದಕ್ಕೂ ಬೇಡ ಎನ್ನಲಿಲ್ಲ.

"ಇಂಡಿಯಾದೋರು ಅಂದ್ರೆ ಕಂಪ್ಯೂಟರ್ ಅಲ್ವಾ?" ಎಂದರು. "ಹೊಸ ವರ್ಷ ಬಂದ್ರೆ ನಮ್ಮ ಅನ್ನದ ಕುಕ್ಕರ್ ಕೆಟ್ಟೋಗುತ್ತಂತೆ, ಹೌದಾ?"

ಎರಡು ಸಾವಿರ ಬಂದೊಡನೆ ಜಗತ್ತಿನ ಕಂಪ್ಯೂಟರುಗಳೆಲ್ಲ ತಾರೀಖು ತಪ್ಪಿ ಕೆಡುತ್ತವೆ ಎಂಬ ಗುಲ್ಲು ಆಗ. ನಾನು ಮೀನಿನ ಕಣ್ಣಿನವನೆಂದು ವಿವರಿಸಿದರೂ ಬಿಡಲಿಲ್ಲ. ಕುಕ್ಕರನ್ನು ಗಂಭೀರವಾಗಿ ತಿರುಗಿಸಿ ನೋಡಿ, ಇದಕ್ಕೆ ಯಾವ ಶತಮಾನವೂ ಒಂದೇ ಎಂದು ಭರವಸೆ ಕೊಟ್ಟೆ. ಐಟಿ ಕ್ರಾಂತಿಗೆ ನನ್ನ ಕೊಡುಗೆ ಅಷ್ಟೇ. ಆಮೇಲೆ ಬಂದ ವಿಷಯ ಹೇಳಿದೆ.

"ನೀನು ಕಿಜಿ ತಿಂತೀಯಾ?"

"ಇಲ್ಲ. ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ."

"ಬಂದೂಕು ಇದೆಯಾ?"

"ಇಲ್ಲ."

"ಮತ್ತೆ ನಿನಗ್ಯಾಕೆ ಬೇಕಪ್ಪ ಇದು?"

"ನಾಯಿಗೆ," ಎಂದೆ. ನನ್ನ ಜಪಾನಿ ಭಾಷೆ ಅದಕ್ಕಿಂತ ಮುಂದೆ ಹೋಗುವಂತಿರಲಿಲ್ಲ. ಹೋಗುವಂತಿದ್ದರೆ, ಹಂದಿಯೊಡನೆ ಸೆಣಸಿ ಸತ್ತ ನಾಯಿಗೂ ಕಲ್ಲು ನಿಲ್ಲಿಸಿ ಶಾಸನ ಕೆತ್ತಿಸಿದ ನಾಡಿನಿಂದ ಬಂದಿದ್ದೇನೆ ಎಂದು ಶುರುಮಾಡಿ ಕೆಲಸ ಕೆಡಿಸುತ್ತಿದ್ದೆ. ನಾಯಿ ಮುದುಕಿ, ನದಿಯ ಹತ್ತಿರ ಜನ ಜಾಸ್ತಿ, ಅವಳಿಗೆ ಶಾಂತಿ ಬೇಕು, ಇಷ್ಟು ಹೇಳಿದೆ.

ಆಕೆ ಬಹಳ ಹೊತ್ತು ನಕ್ಕರು. ಆಮೇಲೆ ಷರತ್ತು ಹಾಕಿದರು. ಕಾತೋ ಒಬ್ಬನೇ, ನಾಯಿ ಒಂದೇ. ಮೇಲಿನ ಗದ್ದೆಗಳಲ್ಲಿ ಮಾತ್ರ. ಮತ್ತು ಅವನು ಗುಡ್ಡದಲ್ಲಿರುವಷ್ಟು ಹೊತ್ತೂ ನಾನು ಇಲ್ಲಿ ಜಗಲಿಯ ಮೇಲೆ ಆಕೆಯ ಕಣ್ಣೆದುರು ಕೂತಿರಬೇಕು. "ಚರೆ ಬಿದ್ರೆ ಮೊದಲು ನಿನ್ನ ತಲೆ ಮೇಲೆ ಬೀಳ್ಲಿ."

ಹೀಗೆ ನಾನು ಜಾಮೀನಾದೆ.

ಕೇಳಿದವರೆಲ್ಲ ನಾನು ಬೇಟೆಯನ್ನು ಕಣ್ಣಾರೆ ಕಂಡಿದ್ದೇನೆ ಎಂದುಕೊಳ್ಳುತ್ತಾರೆ. ಹೇಳುವಾಗ ನನಗೂ ಹಾಗೇ ಅನ್ನಿಸುತ್ತದೆ: ಹಾನಾ ಮುಂಗಾಲು ಮಡಿಸಿ ಶಿಲೆಯಾಗುತ್ತಾಳೆ, ಹಕ್ಕಿ ಬೆಂಕಿಯಂತೆ ಮೇಲೇಳುತ್ತದೆ. ನಿಜವಾಗಿ ನಾನು ಕಂಡದ್ದು ಕಾಕಿ ಹಣ್ಣಿನ ಸಿಪ್ಪೆ. ಒಣಗಿಸಲು ತೂಗುಹಾಕುವ ಹಣ್ಣಿನ ಸಿಪ್ಪೆ ಹೆರೆಯುವ ಕೆಲಸ ಒತ್ತೆಯಾಳಿನದು. ಏಪ್ರನ್ ಕಟ್ಟಿಕೊಂಡು ಹೆರೆಯುತ್ತ ಕೂತರೆ ಮೇಲಿನಿಂದ ಒಂದೇ ಒಂದು ಗಂಟೆ ಕೇಳುತ್ತಿತ್ತು. ಅದು ತೋಟದ ಎಡಕ್ಕೆ ಹೋಗುವುದು, ಬಿದಿರಿನ ಹಿಂದೆ ಮಂಕಾಗುವುದು, ಮತ್ತೆ ಬರುವುದು. ಒಮ್ಮೆ ಥಟ್ಟನೆ ನಿಂತುಬಿಡುವುದು. ಸುಗಿಯಾಮಾ-ಸಾನ್ ಚಾಕು ನಿಲ್ಲಿಸುವರು, ನಾನೂ ನಿಲ್ಲಿಸುವೆ. ಆ ಮೌನವನ್ನು ನಾನು ಕೇಳಿ ತಂದುಕೊಟ್ಟಿದ್ದೆ ಎಂಬ ಯೋಚನೆಗೆ ಎದೆ ಉಬ್ಬುತ್ತಿತ್ತು. ಆಮೇಲೆ ಒಂದು ಸದ್ದು. ಕೆಲವು ಸಲ ಹಕ್ಕಿ ಸಿಗುತ್ತಿತ್ತು, ಹೆಚ್ಚು ಸಲ ಇಲ್ಲ. ಸಿಕ್ಕಿದ್ದು ಸುಗಿಯಾಮಾ-ಸಾನ್ ಅವರ ಅಡಿಗೆಮನೆಗೆ ಹೋಗುವುದು. ನನಗೆ ಚೀಲದ ತುಂಬ ಹಣ್ಣು. "ನಿನ್ನ ಪಾಲಿನ ಮಾಂಸ," ಎನ್ನುವರು.

ಹೊಸ ವರ್ಷ ಬಂತು, ಕುಕ್ಕರ್ ಅನ್ನ ಬೇಯಿಸುತ್ತಲೇ ಇತ್ತು. ಮತ್ತೊಂದು ಶರತ್ಕಾಲ ಬಂತು. ಹಾನಾಳ ಹಿಂಗಾಲು ಎಳೆಯತೊಡಗಿತ್ತು. ಅದು ಅವಳ ಕೊನೆಯ ಚಳಿಗಾಲವೆಂದು ನಮಗೆ ಗೊತ್ತಿತ್ತು.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ನದೀದಂಡೆ ಇನ್ನಷ್ಟು ಕಿಕ್ಕಿರಿದಿತ್ತು. ಗುಡ್ಡದಲ್ಲಿ ಕಾತೋ ಒಬ್ಬನೇ ಆರಾಮವಾಗಿದ್ದಾನೆ ಎಂದು ಬೇಟೆಯವರೆಲ್ಲ ಮಾತಾಡಿಕೊಂಡರು. ಒಂದು ದಿನ ನಮ್ಮ ಪ್ರೊಫೆಸರ್, ಎಲ್ಲರೂ ಸೆನ್ಸೇ ಎನ್ನುತ್ತಿದ್ದವರು, ನನ್ನನ್ನು ಕೋಣೆಗೆ ಕರೆದರು. ಅವರಿಗೂ ಬಂದೂಕಿನ ಹವ್ಯಾಸವಿತ್ತು. ಒಸಾಕಾದಿಂದ ಗೆಳೆಯರೊಬ್ಬರು ಬರುತ್ತಿದ್ದಾರೆ, ಇಂಟರ್ನೆಟ್ ಕಂಪನಿ ನಡೆಸುವವರು, ಹೊಸ ಬಂದೂಕು, ಹೊಸ ನಾಯಿ. "ಒಂದೇ ಒಂದು ಬೆಳಿಗ್ಗೆ. ನಿಮ್ಮಿಂದ ಆಗುತ್ತಂತಲ್ಲ?"

ಮಾರ್ಚಿನಲ್ಲಿ ನನ್ನ ಒಪ್ಪಂದ ಮುಗಿಯುವುದಿತ್ತು. ಸೆನ್ಸೇ ಮುದ್ರೆ ಒತ್ತಿದರೆ ವೀಸಾ, ಒತ್ತದಿದ್ದರೆ ವಿಮಾನ. ನಾನು ಜಪಾನೀಯರ ಹಾಗೆ ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡು, "ಅದು ಸ್ವಲ್ಪ..." ಎಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟೆ. ಆ ದೇಶದಲ್ಲಿ ಇದಕ್ಕಿಂತ ಖಡಾಖಂಡಿತವಾದ ನಿರಾಕರಣೆ ಇಲ್ಲ. ಆದರೆ ಪರದೇಶಿಯ ಬಾಯಲ್ಲಿ ಬಂದಾಗ, ಪಾಪ, ಇವನಿಗೆ ಮುಂದಿನ ಪದ ಸಿಗಲಿಲ್ಲ ಎಂದುಕೊಳ್ಳುತ್ತಾರೆ. ಸೆನ್ಸೇ ಹಾಗೇ ಅಂದುಕೊಂಡರು.

ಮನೆಯಲ್ಲಿ ಸುಮಾ ಕೇಳಿದಳು. "ಒಂದ್ ದಿನ ತಾನೇ, ಬಿಟ್ಬಿಡಿ ಅತ್ಲಾಗೆ. ಆ ಆಂಟೀನೇನು ವೀಸಾ ಕೊಡ್ತಾರಾ?" ಆಮೇಲೆ ಅವಳೇ ಹೇಳಿದಳು. "ಆದ್ರೆ ಮಾತು ಕೊಟ್ಟಿದೀರಲ್ಲ. ಇನ್ನೊಬ್ರ ಮನೆ ಬಾಗಿಲು, ನಾವು ಹೇಗ್ರೀ ತೆಗೆಯೋಕ್ಕಾಗುತ್ತೆ?"

ಭಾನುವಾರ ಬೆಳಿಗ್ಗೆ ಕಾತೋ-ಸಾನ್ ಹಾನಾಳೊಂದಿಗೆ ಮೇಲೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ತೋಟದ ಬಾಗಿಲಲ್ಲಿ ಬೆಳ್ಳಿ ಬಣ್ಣದ ಕಾರು ನಿಂತಿತು. ಸೆನ್ಸೇ ಇಳಿದರು. ಒಸಾಕಾದ ಗೆಳೆಯರು ಇಳಿದರು. ಅವರ ಕೋಟಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಹಿಂದಿನ ಸೀಟಿನಲ್ಲಿ ಎಳೆನಾಯಿ ಗಾಜು ಕೆರೆಯುತ್ತಿತ್ತು. ನಾನು ಏಪ್ರನ್ ಕಟ್ಟಿದವನು, ಕೈಯಲ್ಲಿ ಚಾಕು ಹಿಡಿದವನು, ಹಾಗೇ ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಸೆನ್ಸೇ ಮೊದಲು ಚಾಕುವನ್ನು ನೋಡಿದರು.

"ಸುಮಿಮಾಸೆನ್, ಸೆನ್ಸೇ," ಎಂದೆ. "ಆಗುವುದಿಲ್ಲ."

ಈ ಸಲ ವಾಕ್ಯ ಪೂರ್ತಿಯಾಗಿತ್ತು.

ಸೆನ್ಸೇ ನನ್ನ ಭುಜದ ಮೇಲಿಂದ ಜಗಲಿಯ ಕಡೆ ನೋಡಿ, ಗೌರವದಿಂದಲೇ ಕೇಳಿದರು. "ಮನೆಯೊಡತಿಯವರು ಒಪ್ಪಿದರೆ?"

ಸುಗಿಯಾಮಾ-ಸಾನ್ ಎದ್ದು ಕೂಡ ಬರಲಿಲ್ಲ. ಅಲ್ಲಿಂದಲೇ ಕೂಗಿದರು. "ಇಲ್ಲಿ ಬೇಟೆ ವಿಷಯ ಎಲ್ಲ ಅವನೇ ನೋಡ್ಕೊಳ್ಳೋದು. ಅವನನ್ನೇ ಕೇಳಿ!"

ನನಗೆ ಅದಕ್ಕೆ ಮುಂಚೆಯೂ ಆಮೇಲೂ ಕೆಲವು ಸನ್ಮಾನಗಳಾಗಿವೆ. ಶಾಲು ಹೊದಿಸಿದ್ದಾರೆ, ಹಣ್ಣಿನ ಬುಟ್ಟಿ ಕೊಟ್ಟಿದ್ದಾರೆ. ಯಾವುದೂ ಆ ಕೂಗಿಗೆ ಸಮನಲ್ಲ. ಆಗ ಸೆನ್ಸೇ ಬಗ್ಗಿದರು. ಡೈರಿಯಲ್ಲಿ "ಆಳವಾಗಿ ಬಗ್ಗಿದರು" ಎಂದಿದೆ. ಬೀಗುತ್ತಿರುವ ಮನುಷ್ಯ ಅದೇ ದಿನ ಬರೆದ ಡೈರಿ ಎಂಥ ಸಾಕ್ಷ್ಯ? ತಲೆಯನ್ನು ಸುಮ್ಮನೆ ಸ್ವಲ್ಪ ಅಲ್ಲಾಡಿಸಿದ್ದರೂ ಇರಬಹುದು. ಆದರೆ ಕಾರಿನ ಬಾಗಿಲನ್ನು ಅವರು ಸದ್ದಾಗದಂತೆ, ಎರಡೂ ಕೈಯಿಂದ ಒತ್ತಿ ಮುಚ್ಚಿದ್ದು ಮಾತ್ರ ನಿಜ. ಮೇಲೆ ನಾಯಿಯೊಂದು ಕೆಲಸ ಮಾಡುತ್ತಿದೆ ಎಂಬುದು ಬೇಟೆ ಬಲ್ಲ ಅವರಿಗೆ ನೆನಪಾಗಿರಬೇಕು.

ಆ ಚಳಿಗಾಲ ಮುಗಿಯುವವರೆಗೂ ಹಾನಾ ಕುಂಟುತ್ತ ಆ ಗುಡ್ಡದಲ್ಲಿ ಒಬ್ಬಳೇ ಓಡಾಡಿದಳು. ಮಾರ್ಚಿನಲ್ಲಿ ನನ್ನ ಕಾಗದಕ್ಕೆ ಮುದ್ರೆ ಬಿತ್ತು. ಅಡ್ಡ ನಿಂತದ್ದಕ್ಕಾಗಿ ಬಿತ್ತೋ, ಅಡ್ಡ ನಿಂತರೂ ಬಿತ್ತೋ, ಮೀನಿನ ಕಣ್ಣುಗಳ ದಯೆಯೋ, ನನಗೆ ಗೊತ್ತಿಲ್ಲ. ಸೆನ್ಸೇ ಆ ವಿಷಯ ಎತ್ತಲೇ ಇಲ್ಲ.

ಆದರೆ ಬೇಸಿಗೆಯ ಉದ್ದಕ್ಕೂ ಭಾನುವಾರಗಳಂದು ಸೆನ್ಸೇ ಎಲ್ಲಿಗೋ ಹೋಗಿಬರುತ್ತಿದ್ದರು. ಸೋಮವಾರ ಒಂದೊಂದು ಸಲ ಅಂಗೈಯಲ್ಲಿ ಬೊಬ್ಬೆ, ಒಂದೊಂದು ಸಲ ಕುತ್ತಿಗೆ ಬಿಸಿಲಿಗೆ ಕೆಂಪು. ಯಾರದೋ ಹೊಲದಲ್ಲಿ ಕಳೆ ಕೀಳುತ್ತಿದ್ದಾರೆ ಎಂದು ಲ್ಯಾಬಿನಲ್ಲಿ ಗುಸುಗುಸು. ನವೆಂಬರ್ ಬಂದಾಗ ಒಸಾಕಾದ ಗೆಳೆಯರು ಫೋನು ಮಾಡಿ ನನ್ನ ಹತ್ತಿರ ದೂರಿದರು. ಸೆನ್ಸೇಗೆ ಎಲ್ಲೋ ಒಂದು ಗುಡ್ಡದಲ್ಲಿ ಬೇಟೆಗೆ ಒಪ್ಪಿಗೆ ಸಿಕ್ಕಿದೆಯಂತೆ, ಎಷ್ಟು ಕೇಳಿದರೂ ಬಾಯಿ ಬಿಡುತ್ತಿಲ್ಲವಂತೆ.

ಅವತ್ತು ಮಧ್ಯಾಹ್ನ ಕಾರಿಡಾರಿನಲ್ಲಿ ಸೆನ್ಸೇ ಎದುರಾದರು. ಬೂಟಿನ ಅಂಚಿನಲ್ಲಿ ಕೆಂಪು ಮಣ್ಣು. ಯಾವ ಊರಿನ ಗುಡ್ಡ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರೂ ಬಗ್ಗಿದೆವು. ಈ ಸಲ ಅಳತೆಯಲ್ಲಿ ಅನುಮಾನವಿಲ್ಲ. ಇಬ್ಬರದೂ ಒಂದೇ ಆಳ.