ಮೀಟರಿನ ಎರಡನೇ ದೀಪ

ನಮ್ಮ ಮನೆಗೆ ಬಂದರೆ ಹಮೀದಣ್ಣ ಮೊದಲು ನೋಡುತ್ತಿದ್ದುದು ಮೀಟರಿನ ಮುಖ, ಆಮೇಲೆ ನನ್ನದು. ಕಳಸ ಪೇಟೆಯಲ್ಲಿ ಅವರದು ವೈರಿಂಗ್ ಕೆಲಸ. ಜಗಲಿಯಲ್ಲಿ ನಿಂತು, ಬಿಸಿಲು ಬೀಳದಂತೆ ಗಾಜಿಗೆ ಅಂಗೈ ಮರೆಮಾಡಿ, ಮಿನುಗುವ ಕೆಂಪು ಚುಕ್ಕಿಯನ್ನು ತುಟಿಯಲ್ಲೇ ಎಣಿಸುತ್ತಿದ್ದರು.

"ಇದು ಮನೆ ನಾಡಿ ಅಮ್ಮ. ಭಾರೀ ಓಡ್ತಾ ಉಂಟು. ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟು ಯಾರ ಹತ್ರ ಫೋನಲ್ಲಿದ್ರಿ?"

ನಾನು ನಾಚಿಕೊಂಡು ಒಳಗೆ ಓಡುತ್ತಿದ್ದೆ. ಇಸ್ತ್ರಿಪೆಟ್ಟಿಗೆ ನಿಜವಾಗಿಯೂ ಕಾಯುತ್ತಿರುತ್ತಿತ್ತು.

ಮೀಟರಿನ ಪರದೆಯ ಮೇಲೆ ಒಂದಾದ ಮೇಲೊಂದು ಬರುವುದನ್ನೆಲ್ಲ ಓದಲು ಕಲಿಸಿದವರೂ ಅವರೇ. "ತಾರೀಕು ಬಂತು, ಬಿಡಿ. ಗಂಟೆ ಬಂತು, ಬಿಡಿ. ಕೆಡಬ್ಲ್ಯುಎಚ್ ಅಂತ ಬಂತಲ್ಲ, ಅದು ನೀವು ಉರಿಸಿದ್ದು." ಪಕ್ಕದಲ್ಲೇ ಇಂಗ್ಲಿಷಿನಲ್ಲಿ ‘ಇ’ ಎಂದು ಬರೆದ ಇನ್ನೊಂದು ದೀಪವಿತ್ತು. ಅದನ್ನು ನಾನು ಕೇಳಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳಲ್ಲವೇ, ‘ಇ’ ಅಂದರೆ ಎಲೆಕ್ಟ್ರಿಸಿಟಿ ಎಂದು ನಾನೇ ತೀರ್ಮಾನಿಸಿದ್ದೆ. ಒಂದು ದಿನ ಅದು ಹೊತ್ತಿಕೊಂಡಾಗ, ಸದ್ಯ ಕರೆಂಟು ಚೆನ್ನಾಗಿ ಬರುತ್ತಿದೆ ಎಂದು ಖುಷಿಪಟ್ಟೆ.

ಅದೇ ವಾರ ಮನೆಗೆಲಸದ ಸುನಂದಾ, "ಅಮ್ಮ, ಬಟ್ಟೆ ತಂತಿ ಮುಟ್ಟಿದ್ರೆ ಕೈ ಜುಮ್ ಅಂತದೆ" ಎಂದಳು. ನರದ ನಿಶ್ಶಕ್ತಿ ಇರಬೇಕೆಂದು ವಿಟಮಿನ್ ಮಾತ್ರೆ ಕೊಟ್ಟೆ. ಅವಳು ಅದನ್ನು ನುಂಗಿ ಮತ್ತೆ ಬಟ್ಟೆ ಒಣಹಾಕಲು ಹೋದಳು.

ಫ್ಯಾನು ರಿಪೇರಿಗೆಂದು ಬಂದ ಹಮೀದಣ್ಣ ಮೀಟರಿನೆದುರು ನಿಂತವರು ಎಣಿಸಲೇ ಇಲ್ಲ.

"ಈ ದೀಪ ಯಾವತ್ತಿಂದ?"

"ಎಂಟು ದಿನ ಆಯ್ತು. ಎಲೆಕ್ಟ್ರಿಸಿಟಿ ಅಲ್ವಾ?"

"ಅರ್ಥ್ ಅಮ್ಮ, ಅರ್ಥ್! ಹೋದ ಕರೆಂಟು ಪೂರ್ತಿ ವಾಪಸ್ ಬರ್ತಿಲ್ಲ, ಎಲ್ಲೋ ನೆಲಕ್ಕೆ ಸೋರ್ತಾ ಉಂಟು. ಮನೇಲಿ ಯಾರಿಗಾದ್ರೂ ಜುಮ್ ಅಂತದಾ?"

ಹಿತ್ತಲಿನಲ್ಲಿ ಸುನಂದಾ ಹಸಿ ಬೆಡ್‌ಶೀಟು ಹಿಂಡುತ್ತಿದ್ದಳು. ನಾನು ಆ ಕಡೆ ನೋಡಿದ್ದೇ ಸಾಕಾಯಿತು. "ತಂತಿ ಮುಟ್ಬೇಡ ಮಾರಾಯ್ತಿ!" ಎಂದು ಅವರು ಕೂಗಿದ ರಭಸಕ್ಕೆ ಅವಳ ಕೈಯಿಂದ ಬೆಡ್‌ಶೀಟು ಮಣ್ಣಿಗೆ ಬಿತ್ತು.

ಆಮೇಲೆ ಅವರು ಮೀಟರಿನೆದುರು ನಿಂತರು. ನಾನು ಒಂದೊಂದೇ ಸ್ವಿಚ್ಚು ಆರಿಸುತ್ತ ಹೋದೆ. "ಉಂಟು... ಇನ್ನೂ ಉಂಟು..." ಬಚ್ಚಲಿನ ಗೀಸರ್ ಆರಿಸಿದಾಗ, "ಹೋಯ್ತು!" ಎಂದರು. ಬಟ್ಟೆ ತಂತಿ ಕಟ್ಟಲೆಂದು ಬಚ್ಚಲಿನ ಗೋಡೆಗೆ ಹೊಸದಾಗಿ ಹೊಡೆಸಿದ ಮೊಳೆ ಒಳಗಿನ ಗೀಸರ್ ವೈರಿಗೆ ತಾಗಿತ್ತು. ಹೊಡೆಸಿದವಳು ನಾನೇ.

ಮಾತ್ರೆಯ ವಿಷಯ ಕೇಳಿ ಹಮೀದಣ್ಣ ನಗಲಿಲ್ಲ. "ಮೀಟರು ಹೇಳ್ತು, ಹುಡುಗಿ ಹೇಳಿದ್ಳು. ಇನ್ಯಾರು ಹೇಳ್ಬೇಕಿತ್ತಮ್ಮ ನಿಮಗೆ?" ಎಂದು ಮೆಲ್ಲಗೆ ಕೇಳಿ, ಇಕ್ಕಳ ಹಿಡಿದು ಮೊಳೆ ಕೀಳತೊಡಗಿದರು. ಅಷ್ಟು ಮೆತ್ತಗೆ ನನ್ನನ್ನು ಯಾರೂ ಬೈದಿರಲಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ತಂದವಳು ಸುನಂದಾ. ಒಂದೇ ಜೀಪಿನಲ್ಲಿ, ಒಂದೇ ಸೀಟಿನಲ್ಲಿ ಒತ್ತಿಕೊಂಡು ಹೋದೆವು. ಅವರ ಹೆಂಡತಿ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿ, "ನೀವು ಯಾವ ಮನೆಯವ್ರು?" ಎಂದರು.

ಸುನಂದಾ ಸೆರಗಿನಿಂದ ಮುಖ ಒರೆಸಿಕೊಂಡು, "ಇಬ್ರೂ ಒಂದೇ ಮನೆಯವ್ರು" ಎಂದಳು.