ಚಿಕ್ಕಮ್ಮನ ಬಸಳೆ ಕಟ್ಟು

ಚಿಕ್ಕಪ್ಪ ತೀರಿಕೊಂಡ ಮರುವರ್ಷ ನನ್ನ ಚಿಕ್ಕಮ್ಮ ವಾಮಂಜೂರಿನ ಮನೆಯ ಹಿಂದೆ ಬಸಳೆ ಚಪ್ಪರ ಹಾಕಿದರು. ದಿನಾ ಬೆಳಿಗ್ಗೆ ಬಸಳೆ ಕಟ್ಟುಗಳನ್ನು ಬುಟ್ಟಿಗೆ ತುಂಬಿಕೊಂಡು ಉರ್ವ ಮಾರ್ಕೆಟ್ಟಿಗೆ ಬಸ್ಸು ಹತ್ತುತ್ತಿದ್ದರು. ಹೊರಡುವಾಗ ವಿಧವೆ ಎದುರು ಬಂದರೆ ಅಪಶಕುನವೆಂದು ಎದುರುಮನೆಯವರು ಸ್ಕೂಟರ್ ನಿಲ್ಲಿಸಿ, ಒಳಗೆ ಹೋಗಿ ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಿಕ್ಕಮ್ಮ ಮಾತ್ರ ಬುಟ್ಟಿ ಸರಿಮಾಡಿಕೊಂಡು ನಡೆದುಬಿಡುತ್ತಿದ್ದರು.

ಮೊನ್ನೆ ನೋಡಿದರೆ ಅದೇ ಮನುಷ್ಯ ಬೆಳ್ಳಂಬೆಳಿಗ್ಗೆ ಚೀಲ ಹಿಡಿದು ಗೇಟಿನ ಹತ್ತಿರ ಕಾಯುತ್ತಿದ್ದಾರೆ!

"ಅಕ್ಕ, ನಂಗೊಂದು ಕಟ್ಟು ಉಂಟಾ? ನಿಮ್ಮ ಬಸಳೆಯ ರುಚಿ ಬೇರೆ ಎಲ್ಲಿಯೂ ಇಲ್ಲ."

ಚಿಕ್ಕಮ್ಮ ಎಳೆಯ ದಂಟಿನ ಕಟ್ಟನ್ನೇ ಆರಿಸಿ ಕೊಟ್ಟು, ನಗುತ್ತಾ ಹೇಳಿದರು:

"ನನ್ನ ಮುಖ ನೋಡಿದಿರಲ್ಲ ಅಣ್ಣ, ಒಳಗೆ ಹೋಗಿ ನೀರು ಕುಡಿದೇ ಹೊರಡಿ, ಆಯ್ತಾ?"